ಬಾಗಿಲಿನ ಅಳತೆ

ಒಂದಾನೊಂದು ಎದೆಯಲ್ಲಿ ಒಂದು ಬಾಗಿಲಿತ್ತಂತೆ. ಎಪ್ಪತ್ತೊಂಬತ್ತು ವರ್ಷ ಹಗಲೆನ್ನದೆ ಇರುಳೆನ್ನದೆ, ನಿಮಿಷಕ್ಕೆ ಎಪ್ಪತ್ತು ಸಲ ತೆರೆದು ಮುಚ್ಚಿ, ಕೊನೆಗೆ ಸುಣ್ಣಗಟ್ಟಿ ಕಲ್ಲಾಯಿತು. ಗೋಡೆ ಒಡೆಯದೆ, ತೊಡೆಯ ರಕ್ತನಾಳದ ಕಳ್ಳಹಾದಿ ಹಿಡಿದು, ಹೊಸ ಬಾಗಿಲನ್ನು ಮಡಚಿ ಒಯ್ದು ಕೂರಿಸಿಕೊಡುತ್ತೇವೆಂದು ಆಸ್ಪತ್ರೆಯವರು ಮಾತು ಕೊಟ್ಟರು. ಎದೆ, ಮೂವತ್ತು ವರ್ಷ ಬಸ್ಸಿನಲ್ಲಿ ಸೀಟಿ ಊದಿದ ಕಂಡಕ್ಟರಮ್ಮನದು. ಕೂರಿಸುವವರು ಡಾಕ್ಟರು. ಸ್ಕ್ಯಾನ್ ನೋಡಿ ಚೌಕಟ್ಟಿನ ಅಳತೆ ತೆಗೆದವಳು, ಆಪರೇಷನ್ ಕೋಣೆಯ ಗಾಜಿನ ಈಚೆ ಪರದೆಗಳ ಮುಂದೆ ಕೂತಿದ್ದ ಹುಡುಗಿ. ಎಲ್ಲರ ಬಾಯಲ್ಲೂ ಅವಳು ಅಳತೆಯವಳು.

ಗಾಜಿನಾಚೆ ನರ್ಸು ಇಪ್ಪತ್ತಮೂರು ಮಿಲಿಮೀಟರಿನ ಹೊಸ ಬಾಗಿಲನ್ನು, ಅಂದರೆ ಕವಾಟವನ್ನು, ಬಲೂನಿನ ಮೇಲೆ ಹಿಂಡಿ ಸಪೂರ ಮಾಡುತ್ತಿದ್ದಳು. ಅಳತೆಯವಳು ಸುಮ್ಮನೆ ಕೂರಲಾರದೆ ಸ್ಕ್ಯಾನಿನ ಚಿತ್ರಗಳನ್ನು ಒಂದರ ಹಿಂದೊಂದು ಓಡಿಸಿದಳು. ಪರದೆಯ ಮೇಲೆ ಬೂದು ಹೃದಯ ಮಿಡಿಯಿತು. ಚೌಕಟ್ಟು ಹಿಗ್ಗಿತು, ಕುಗ್ಗಿತು, ಹಿಗ್ಗಿತು. ತಾನು ಅಳೆದ ಚಿತ್ರ ಬಂದಾಗ ಅವಳ ಕೈ ನಿಂತಿತು. ಅದು ಕುಗ್ಗಿದ ಗಳಿಗೆಯದು. ಹೃದಯ ದಣಿವಾರಿಸಿಕೊಳ್ಳುವಾಗ ಅಲುಗಾಟವಿಲ್ಲ, ಚಿತ್ರ ಕಡೆದಿಟ್ಟ ಹಾಗೆ ಬರುತ್ತದೆ. ಅಳೆಯಬೇಕಾದದ್ದು ಹೃದಯ ಹಿಂಡಿಕೊಳ್ಳುವಾಗ, ರಕ್ತ ನುಗ್ಗಿ ಚೌಕಟ್ಟು ಪೂರ್ತಿ ಹಿಗ್ಗಿದಾಗ. ಆ ಚಿತ್ರ ತುಸು ಮಸುಕು. ಅವಳು ಚಂದಕ್ಕೆ ಮರುಳಾಗಿದ್ದಳು.

ಎಂದರೆ ಬಲೂನಿನ ಮೇಲಿನ ಕವಾಟವೂ ಚಿಕ್ಕದು. ಚಿಕ್ಕ ಕವಾಟ ಹಿಡಿತ ಸಿಗದೆ ಜಾರಿದರೆ ರಕ್ತದಲ್ಲಿ ಕೊಚ್ಚಿಹೋಗುತ್ತದೆ. ಒಳಗೆ ಓಡೋಣವೆಂದರೆ ಎಕ್ಸ್-ರೇ ತಡೆಯುವ ಸೀಸದ ಅಂಗಿ ತೊಡಬೇಕು, ಅಷ್ಟು ಹೊತ್ತಿಲ್ಲ. ಉಳಿದದ್ದು ಮೇಜಿನ ಮೇಲಿನ ಮೈಕು. ಅದರಲ್ಲಿ ಆಡಿದ್ದು ಇಡೀ ಕೋಣೆಗೆ ಕೇಳುತ್ತದೆ. ಕಂಡಕ್ಟರಮ್ಮನಿಗೆ ಕೊಟ್ಟದ್ದು ಬರೀ ಅರೆಮಂಪರು; ಅವರ ಕಿವಿ ಎಚ್ಚರವಾಗೇ ಇತ್ತು.

ಗುಂಡಿ ಒತ್ತಿದಳು. "ಡಾಕ್ಟ್ರೇ, ನಿಲ್ಸಿ. ಅಳತೆ ತಪ್ಪಿದೆ."

ಡಾಕ್ಟರ ಕೈ ಗಾಳಿಯಲ್ಲೇ ನಿಂತಿತು. "ಬೆಳಗ್ಗೆ ಮೂರು ಸಲ ಅಳೆದೆ ಅಂದ್ಯಲ್ಲಮ್ಮ?"

"ಅಳೆದೆ. ಮೂರು ಸಲಾನೂ ತಪ್ಪು ಚಿತ್ರದಲ್ಲೇ ಅಳೆದೆ."

ನರ್ಸು ಹಿಂಡುವುದನ್ನು ಬಿಟ್ಟಳು. ಆಮೇಲೆ ಹಸಿರು ಹೊದಿಕೆಯ ಕೆಳಗಿಂದ ದನಿ ಬಂತು. "ನಿಧಾನಕ್ಕೆ ಅಳೀ ತಾಯಿ. ನಾನೇನು ಮುಂದಿನ ಸ್ಟಾಪಲ್ಲಿ ಇಳ್ಕೊಂಡು ಹೋಗಲ್ಲ."

ಮುಖಗವಸಿನೊಳಗೆ ಯಾರೋ ಕಿಸಕ್ಕೆಂದರು. ಡಾಕ್ಟರು ನಗಲಿಲ್ಲ. "ನಾಲ್ಕು ನಿಮಿಷ," ಎಂದರು.

ಮಸುಕಿನಲ್ಲಿ ಸುಣ್ಣ ಎಲ್ಲಿ ಮುಗಿದು ಅಂಚು ಎಲ್ಲಿ ಶುರುವಾಗುತ್ತದೆಂದು ಕಣ್ಣು ಕಿರಿದು ಮಾಡಿ ಹುಡುಕುತ್ತ, ಚುಕ್ಕಿ ಇಡುತ್ತ ಚೌಕಟ್ಟಿಗೆ ಒಂದು ಸುತ್ತು ಬಂದಳು. ಅಳಿಸಿ, ಇನ್ನೊಮ್ಮೆ ಬಂದಳು. 

"ಇಪ್ಪತ್ತಾರರದ್ದು ಬೇಕು."

"ದೊಡ್ಡದು ಹಾಕಿ ಚೌಕಟ್ಟು ಸೀಳಿದ್ರೆ ಕಥೆ ಮುಗೀತು, ಗೊತ್ತಲ್ಲ?"

"ಸೀಳಲ್ಲ ಡಾಕ್ಟ್ರೇ."

"ಬೆಳಗ್ಗೇನೂ ಇದೇ ದನೀಲಿ ಹೇಳಿದ್ದೆ."

ಅವಳು ಎರಡೂ ಚಿತ್ರಗಳನ್ನು ಒಳಗಿನ ದೊಡ್ಡ ಪರದೆಗೆ ಕಳಿಸಿದಳು, ಚಂದದ್ದು ಎಡಕ್ಕೆ, ಮಸುಕಾದದ್ದು ಬಲಕ್ಕೆ. "ನನ್ನ ಮಾತು ಬಿಡಿ. ನೀವೇ ನೋಡಿ."

ಡಾಕ್ಟರು ನೋಡಿದರು. ಪರದೆಯ ಹತ್ತಿರ ಹೋಗಿ ನೋಡಿದರು. "ಇಪ್ಪತ್ತಾರು ತೆಗೀರಿ."

ತಂತಿಯ ಮೇಲೆ ಹೊಸ ಕವಾಟ ಹೊಟ್ಟೆ ದಾಟಿತು, ಎದೆಯ ಕಮಾನು ಹತ್ತಿ ಇಳಿಯಿತು, ಕಲ್ಲಾದ ಬಾಗಿಲ ನಡುವೆ ನಿಂತಿತು. ಅದು ಕದಲದಿರಲೆಂದು ಸಣ್ಣ ವಿದ್ಯುತ್ ತಟ್ಟಿ ಹೃದಯವನ್ನು ನಿಮಿಷಕ್ಕೆ ನೂರ ಎಂಬತ್ತರ ಓಟಕ್ಕೆ ಹಚ್ಚಿದರು. ರಕ್ತದೊತ್ತಡದ ಗೆರೆ ನೆಲಕಚ್ಚಿತು. ಬಲೂನು ಉಬ್ಬಿತು. ಒಂದು. ಎರಡು. ಮೂರು. ಅಳತೆಯವಳು ಮೈಕಿನ ಗುಂಡಿಯಿಂದ ಬೆರಳು ತೆಗೆಯುವುದನ್ನೇ ಮರೆತಿದ್ದಳು. ಅವಳ ಉಸಿರು ಇಡೀ ಕೋಣೆಗೆ ಕೇಳುತ್ತಿತ್ತು. ಬಲೂನು ಇಳಿಯಿತು, ಓಟ ನಿಲ್ಲಿಸಿದರು. ಗೆರೆ ಮಲಗಿಯೇ ಇತ್ತು. ಆಮೇಲೆ ಒಮ್ಮೆ ತಲೆಯೆತ್ತಿತು, ಮತ್ತೊಮ್ಮೆ ಎತ್ತಿತು, ಸಾಲಾಗಿ ಬೆಟ್ಟ ಕಟ್ಟತೊಡಗಿತು.

"ಸೋರಿಕೆ ಇಲ್ಲ," ಎಂದರು ಎಕೋ ನೋಡುತ್ತಿದ್ದವರು.

ಹೊದಿಕೆ ಅಲುಗಿತು. "ಕೂತ್ಕೊಂಡ್ತಾ?"

"ಕೂತ್ಕೊಂಡ್ತು ಅಮ್ಮ," ಎಂದರು ಡಾಕ್ಟರು.

"ಹಾಗಾದ್ರೆ," ಕಂಡಕ್ಟರಮ್ಮನ ದನಿ ಈಗ ಚೂರು ಚೂರಾಗಿ ಬಂತು, "ಇನ್ನು ನಾನು ಹೆದರ್ಕೋಬಹುದಾ?"