ದೀನಾರಿನ ಗಿರಾಕಿ

ಕುವೈತಿನ ಗಿರಾಕಿ ಇವತ್ತೂ ಬೆಲೆ ನೋಡಿಕೊಂಡು ಹೋಗಿದ್ದ. ಅವನು ಆರಿಸಿಟ್ಟ ನಾಲ್ಕು ಬಾಟಲಿ ಒಣ ಸಿಗಡಿ ಚಟ್ನಿ ಹನ್ನೊಂದು ದಿನಗಳಿಂದ ಆನ್‌ಲೈನ್ ಕಾರ್ಟಿನಲ್ಲೇ ಕುಳಿತಿತ್ತು.

“ಬೆಳಿಗ್ಗೆ ಏಳಕ್ಕೆ ಸರಿಯಾಗಿ ಬರ್ತಾರೆ ಅತ್ತೆ. ನೋಡ್ತಾರೆ, ಹೋಗ್ತಾರೆ,” ಎಂದಳು ಚೈತಾಲಿ, ಲ್ಯಾಪ್‌ಟಾಪಿನಿಂದ ತಲೆಯೆತ್ತದೆ.

ಮೋಹಿನಿ ಉಚ್ಚಿಲದ ತನ್ನ ಅಡುಗೆಮನೆಯಲ್ಲಿ ಮಾಡುವ ಚಟ್ನಿಗೆ ಸೊಸೆ ಆನ್‌ಲೈನ್ ಅಂಗಡಿ ತೆರೆದುಕೊಟ್ಟು ಎರಡು ತಿಂಗಳಾಗಿತ್ತು. ಗಿರಾಕಿ ಯಾವ ದೇಶದ ಹಣವನ್ನು ಆರಿಸಿಕೊಳ್ಳುತ್ತಾನೋ ಆ ಹಣದಲ್ಲೇ ಅವನಿಗೆ ಬೆಲೆ ಕಾಣುವ ಏರ್ಪಾಡೂ ಅದರಲ್ಲಿತ್ತು. ಅದಕ್ಕೆ ತಿಂಗಳಿಗೆ ಎರಡು ಸಾವಿರ ಬಾಡಿಗೆ. ಈ ತಿಂಗಳೂ ಹೊರದೇಶದಿಂದ ಒಂದು ಆರ್ಡರ್ ಬಾರದಿದ್ದರೆ ಏರ್ಪಾಡನ್ನೇ ನಿಲ್ಲಿಸುವುದೆಂದು ಚೈತಾಲಿ ಹೇಳಿಬಿಟ್ಟಿದ್ದಳು. ತಿಂಗಳು ಮುಗಿಯಲು ಎರಡೇ ದಿನವಿತ್ತು. ಮೋಹಿನಿಯೋ, ತನ್ನ ಚಟ್ನಿ ಕುವೈತಿಗೆ ಹೋಗುತ್ತದೆಂದು ಪಕ್ಕದ ಮನೆಯ ಆಂಜೆಲಾಳಿಗೆ ಆಗಲೇ ಹೇಳಿಯಾಗಿತ್ತು. ಆಂಜೆಲಾಳಿಗೆ ಹೇಳುವುದೆಂದರೆ ಪಡುಬಿದ್ರಿಯಿಂದ ಕಾಪುವಿನವರೆಗೆ ಹೇಳಿದ ಹಾಗೆ.

“ಅವನಿಗೆ ಎಂತ ಬೇಕಂತೆ? ನೀನೇ ಕೇಳು.”

ಗಿರಾಕಿ ಕೊಟ್ಟಿದ್ದ ಕುವೈತಿನ ವಾಟ್ಸಾಪ್ ನಂಬರಿಗೆ ಚೈತಾಲಿ ಮೆಸೇಜು ಹಾಕಿದಳು. ಕೂಡಲೇ ಉತ್ತರ ಬಂತು. ‘ನಿನ್ನೆ ಬಾಟಲಿಗೆ 1.594 ದೀನಾರ್ ಇತ್ತು. ಇವತ್ತು 1.601. ಚಟ್ನಿಗೂ ದಿನಕ್ಕೊಂದು ರೇಟ್ ಉಂಟಾ?’

“ನಮ್ಮ ಬೆಲೆ ನಾಲ್ಕುನೂರ ಅರುವತ್ತು ರೂಪಾಯಿಯೇ ಅತ್ತೆ. ರೂಪಾಯಿ ಬಿದ್ದರೆ ದೀನಾರಿನಲ್ಲಿ ಅಗ್ಗ ಆಗ್ತದೆ. ಅವರು ಅದಕ್ಕೇ ಕಾಯ್ತಾ ಇದ್ದಾರೆ.”

“ನಿನ್ನೆಗೂ ಇವತ್ತಿಗೂ ಎಷ್ಟು ವ್ಯತ್ಯಾಸ?”

“ಎರಡು ರೂಪಾಯಿ.”

“ಎರಡು ರೂಪಾಯಿ ಉಳಿಸಲಿಕ್ಕೆ ಇಡೀ ದೇಶದ ರೂಪಾಯಿ ಬೀಳಬೇಕಾ ಅವನಿಗೆ?” ಮೋಹಿನಿ ಒಲೆಯ ಉರಿ ತಗ್ಗಿಸಿ ಬಂದು ಸೊಸೆಯ ಎದುರು ಕುಳಿತಳು. “ಒಂದೂವರೆ ದೀನಾರ್ ಅಂತ ಗಟ್ಟಿ ಮಾಡಿ ಇಡು. ಯಾವುದು ಏರಲಿ, ಯಾವುದು ಇಳಿಯಲಿ, ಒಂದೂವರೆ.”

“ಬಾಟಲಿಗೆ ಹತ್ತಿರ ಹತ್ತಿರ ಮೂವತ್ತು ರೂಪಾಯಿ ನಷ್ಟ ಅತ್ತೆ.”

“ಆಗಲಿ. ನಾಳೆ ಆಂಜೆಲಾ ಕೇಳುವಾಗ ನೀನು ಉತ್ತರ ಕೊಡ್ತೀಯಾ?”

ಚೈತಾಲಿ ಬೆಲೆ ಬದಲಿಸಿ ಗಿರಾಕಿಗೆ ತಿಳಿಸಿದಳು. ಸಿಗಡಿ ಹುರಿದು ಮುಗಿಯುವಷ್ಟರಲ್ಲಿ ಲ್ಯಾಪ್‌ಟಾಪ್ ಟಿಣ್ ಎಂದಿತು. ನಾಲ್ಕು ಬಾಟಲಿಯ ಆರ್ಡರ್. ಮೋಹಿನಿ ಸೌಟು ಹಿಡಿದುಕೊಂಡೇ ಹಿತ್ತಿಲ ಬಾಗಿಲಿಗೆ ಓಡಿದಳು. “ಆಂಜೆಲಾ ಬಾಯಿ! ಕುವೈತಿನ ಆರ್ಡರ್ ಬಂತು!”

ಬಟ್ಟೆ ಒಣಗಿಸುತ್ತಿದ್ದ ಆಂಜೆಲಾ ಕಂಪೌಂಡಿನ ಹತ್ತಿರ ಬಂದಳು. ಅಷ್ಟರಲ್ಲಿ ಒಳಗಿನಿಂದ ಚೈತಾಲಿಯ ಸಣ್ಣ ಸ್ವರ ಕೇಳಿಸಿತು. “ಅತ್ತೆ, ಸ್ವಲ್ಪ ಮೆಲ್ಲ. ವಿಳಾಸ ಅಜೆಕಾರಿನದ್ದು.”

“ಅಜೆಕಾರು ಕುವೈತಿನಲ್ಲಿ ಎಲ್ಲಿ ಬರ್ತದೆ?” ಆಂಜೆಲಾ ಕೇಳಿದಳು.

“ಕಾರ್ಕಳದ ಆಚೆ,” ಎಂದಳು ಚೈತಾಲಿ.

ಆಂಜೆಲಾ ನಗುತ್ತಾ ಬಟ್ಟೆಯ ಕಡೆಗೆ ತಿರುಗಿದಳು. ಮೋಹಿನಿ ಸೊಸೆಯ ಕೈಯಿಂದ ಫೋನ್ ಕಿತ್ತುಕೊಂಡು ಗಿರಾಕಿಯ ಆ ವಾಟ್ಸಾಪ್ ನಂಬರಿಗೇ ಕರೆ ಮಾಡಿದಳು. ಆಚೆಯಿಂದ ವಯಸ್ಸಾದ, ಮೆತ್ತಗಿನ ದನಿ. ಹೆಸರು ಸರ್ವೋತ್ತಮ. ಕುವೈತಿನ ಕೆಲಸ ಬಿಟ್ಟು ಊರಿಗೆ ಬಂದು ಮೂರು ವರ್ಷವಾಗಿದೆ. ವಾಟ್ಸಾಪ್ ನಂಬರ್ ಮಾತ್ರ ಹಳೆಯದೇ. ಬಾಟಲಿ ಕೈಗೆ ಬಂದಾಗ ರೂಪಾಯಿಯಲ್ಲೇ ಹಣ ಕೊಡುತ್ತಾರೆ, ಏನೂ ಹೆದರಬೇಕಾಗಿಲ್ಲ.

“ಹೆದರಿಕೆ ಎಂತದ್ದೂ ಇಲ್ಲ,” ಎಂದಳು ಮೋಹಿನಿ. “ಆದರೆ ಅಜೆಕಾರಿನಲ್ಲಿ ಕೂತುಕೊಂಡು ದೀನಾರಿನಲ್ಲಿ ಬೆಲೆ ನೋಡುವುದು ಎಂತಕ್ಕೆ ಮಾರಾಯ್ರೆ? ನನ್ನ ಮರ್ಯಾದೆ ಹೋಯ್ತು ಇಲ್ಲಿ!”

ಸರ್ವೋತ್ತಮ ನಕ್ಕರು.

“ಅಲ್ಲಿ ಇಪ್ಪತ್ತೇಳು ವರ್ಷ, ಒಂದು ಚಾ ಕುಡಿಯಬೇಕಾದರೂ ಮೊದಲು ಅದನ್ನು ರೂಪಾಯಿಗೆ ಗುಣಿಸ್ತಾ ಇದ್ದೆ ಅಮ್ಮ. ಗುಣಿಸಿ ನೋಡಿ, ಕುಡಿಯದೆ ಎದ್ದು ಬಂದದ್ದೇ ಹೆಚ್ಚು. ಈಗ ಊರಿಗೆ ಬಂದಿದ್ದೇನಲ್ಲ, ಎಲ್ಲವನ್ನೂ ದೀನಾರಿಗೆ ಭಾಗಿಸ್ತೇನೆ. ಭಾಗಿಸಿದರೆ ಮಾತ್ರ ತಿನ್ನಲಿಕ್ಕೆ ಧೈರ್ಯ ಬರ್ತದೆ.”