ಗೊಲ್ಲಾಳಪ್ಪನ ತೋರುಬೆರಳು

ಹಾರೆ ಜಾರಿತೆಂದು ಚಂದಮ್ಮ ಮೂರು ಸಲ ಹೇಳಿದಳು. ಒಂದು ಸಲ ಹೇಳಿದ್ದರೆ ಸಾಕಿತ್ತು. ಅವಳ ಸ್ವಭಾವವೇ ಹಾಗೆ, ಸುಳ್ಳು ಹೇಳುವಾಗ ಒಗ್ಗರಣೆ ಸ್ವಲ್ಪ ಹೆಚ್ಚಾಗುತ್ತಿತ್ತು.

ರಾವೂರಿನ ಕಲ್ಲುಗಣಿಯಲ್ಲಿ ಯಾರೂ ಅವಳನ್ನು ಅನುಮಾನಿಸಲಿಲ್ಲ. ಅಲ್ಲಿನ ಕೆಲಸವೇ ಅಂಥದು. ಒಬ್ಬರು ಹಾರೆ ಮೀಟಿ ಹಾಸುಗಲ್ಲಿನ ಅಂಚನ್ನು ಎತ್ತಿ ಹಿಡಿಯಬೇಕು, ಇನ್ನೊಬ್ಬರು ಕೈ ಒಳಗೆ ಹಾಕಿ ಅದರಡಿ ಚೂರುಗಲ್ಲು ಇಡಬೇಕು. ಹಾರೆ ತಾಯಿಯ ಕೈಯಲ್ಲಿತ್ತು. ಕಲ್ಲಿನಡಿ ಕೈ ಹಾಕಿದವನು ಮಗ ಗೊಲ್ಲಾಳಪ್ಪ. ಇಷ್ಟು ವರ್ಷ ಹೀಗೇ ದುಡಿದಿದ್ದರು, ಅವಳ ಹಾರೆ ಒಮ್ಮೆಯೂ ಜಾರಿರಲಿಲ್ಲ. ಆ ದಿನ ಅವಳು ಮಗನ ಬಲಗೈಯ ತೋರುಬೆರಳು ಎಲ್ಲಿದೆ ಎಂದು ನೋಡಿದಳು, ಹಲ್ಲು ಕಚ್ಚಿದಳು, ಹಾರೆ ಬಿಟ್ಟಳು.

ಹೆತ್ತವಳು ಸುಮ್ಮನೆ ಹಾಗೆ ಮಾಡಿಯಾಳೆ? ದೊಡ್ಡ ಮಗ ಅಂಬಾರಾಯ ಲಡಾಯಿ ಶುರುವಾದ ಹೊಸತರಲ್ಲೇ ಪಲ್ಟನ್ ಸೇರಿದ್ದ. ಹೈದರಾಬಾದ್ ದಾಟಿಸುವುದಿಲ್ಲ ಎಂದು ಭರ್ತಿ ಮಾಡಿಕೊಳ್ಳಲು ಬಂದವರು ಆಣೆ ಮಾಡಿದ್ದರು. ಅವನ ಕೊನೆಯ ಕಾಗದ ಸಿಂಗಾಪುರದಿಂದ ಬಂತು. ಆಮೇಲೆ ಸಿಂಗಾಪುರ ಜಪಾನಿನವರ ಪಾಲಾಯಿತು, ಕಾಗದವೂ ನಿಂತಿತು. ಬದುಕಿದ್ದಾನೋ ಇಲ್ಲವೋ, ಹೇಳುವವರಿಲ್ಲ.

ಈಗ ಚಿಕ್ಕವನಿಗೂ ಅದೇ ಹುಚ್ಚು ಹತ್ತಿತ್ತು. ಹವಾಲ್ದಾರ ಬಂದೇಅಲಿ ವಾಡಿಗೆ ಬಂದು ಹೆಸರು ಬರೆದುಕೊಂಡು ಹೋಗಿದ್ದ. ಎರಡು ತಿಂಗಳಿಗೆ ಡಾಕ್ಟರ ಪರೀಕ್ಷೆ.

“ಇದು ಬ್ಯಾರೆ ಅದ ಯವ್ವಾ,” ಎಂದಿದ್ದ ಗೊಲ್ಲಾಳಪ್ಪ. “ಹಳಬರು ಲಡಾಯಿಗಿ ಹೊಂಟಾರ. ಅವರ ಜಾಗದಾಗ ನಾವು ವಾಡಿ ಟೇಷನ್ ಕಾಯೋದು, ಅಷ್ಟೇ. ನಮ್ಮ ಮಗ್ಗಲಮನಿ ಮಶಾಕನೂ ಬರ್ತಾನ. ಈ ಕಲ್ಲಿನ ಧೂಳು ಸಾಕಾಗ್ಯಾದ ನನಗ.”

“ನಿಮ್ಮಣ್ಣಗೂ ಹಿಂಗೇ ಹೇಳಿದ್ರು,” ಎಂದಳು ಚಂದಮ್ಮ. ಎರಡನೇ ಸಲವೂ ಮೋಸಹೋಗುವಷ್ಟು ದಡ್ಡಿ ಅವಳಲ್ಲ.

ಮರುದಿನವೇ ಅವಳು ನಬೀಸಾಬನ ಬಾಗಿಲಿಗೆ ಹೋದಳು. ಹಿಂದಿನ ಲಡಾಯಿಯಲ್ಲಿ ಬಸ್ರಾ ಕಂಡು ಬಂದ ಮುದುಕ ಅವನು. ಸುತ್ತುಬಳಸದೆ ಕೇಳಿದಳು.

“ಕಾಕಾ, ಪಲ್ಟನ್‌ನವರು ಎಂಥವರನ್ನ ವಾಪಸ್ ಕಳಸ್ತಾರ?”

“ಕಣ್ಣು ಮಂಜಾದವರನ್ನ. ಎದಿ ಸಣ್ಣದಿದ್ದವರನ್ನ.” ನಬೀಸಾಬ್ ಬಲಗೈಯ ತೋರುಬೆರಳು ಮಡಚಿ ತೋರಿಸಿದ. “ಬಂದೂಕಿನ ಕುದುರಿ ಎಳಿಯೋದು ಇದು. ಇದಿಲ್ಲದವನ ಕೈಗಿ ಬಂದೂಕು ಕೊಡಂಗಿಲ್ಲ. ಆದ್ರ ಇಲ್ಲಿ ಕೇಳವಾ, ಬಸ್ರಾದಾಗ ಬಂದೂಕಿಲ್ಲದ ಮಂದೀನೇ ಭಾಳ...”

ಬಾಯಿಗೆ ಬಸ್ರಾ ಸಿಕ್ಕರೆ ಮುದುಕ ಹೊತ್ತು ಮುಳುಗುವವರೆಗೆ ಬಿಡುವವನಲ್ಲ. ಚಂದಮ್ಮನಿಗೆ ಬೇಕಾದದ್ದು ಸಿಕ್ಕಿತ್ತು. ಅವಳು ಎದ್ದು ಬಂದಳು.

ಕಲ್ಲಿಗೆ ಸಿಕ್ಕ ಬೆರಳು ಬುಡದವರೆಗೂ ಹೋಯಿತು. ಗಾಯ ಮಾಯುವವರೆಗೆ ಅವಳೇ ರೊಟ್ಟಿ ಮುರಿದು ಮಗನ ಬಾಯಿಗಿಟ್ಟಳು. “ನಿಂದೇನು ತಪ್ಪದ ಯವ್ವಾ, ಅಳಬ್ಯಾಡ,” ಎಂದು ಅವನೇ ಅವಳಿಗೆ ಸಮಾಧಾನ ಹೇಳುತ್ತಿದ್ದ. ಆಗ ಮಾತ್ರ ಅವಳು ಮುಖ ತಿರುಗಿಸುತ್ತಿದ್ದಳು. ಆದರೂ ಪಶ್ಚಾತ್ತಾಪ ಪಡಲಿಲ್ಲ. ಒಂದು ಬೆರಳು ಹೋದರೆ ಹೋಗಲಿ, ಮಗ ಕಣ್ಣೆದುರಿಗೆ ಇರುತ್ತಾನೆ.

ಪರೀಕ್ಷೆಯ ದಿನ ಗೊಲ್ಲಾಳಪ್ಪ ಹಟ ಹಿಡಿದು ವಾಡಿಗೆ ಹೊರಟ. ಚಂದಮ್ಮನೂ ಜೊತೆಗೆ ಹೋದಳು. ಟೇಷನ್ನಿನ ಪಕ್ಕದ ಬೇವಿನ ಮರದ ಕೆಳಗೆ ಡಾಕ್ಟರು ಮೇಜು ಹಾಕಿಸಿಕೊಂಡು ಕೂತಿದ್ದರು. ಮಶಾಕ ಪಾಸಾದ. ಡಾಕ್ಟರು ಗೊಲ್ಲಾಳಪ್ಪನ ಬಲಗೈ ಎತ್ತಿ ನೋಡಿದರು, ಕೈ ಬಿಟ್ಟರು, ತಲೆಯಾಡಿಸಿದರು.

ಚಂದಮ್ಮನಿಗೆ ಕುಣಿಯುವಷ್ಟು ಹಿಗ್ಗಾಯಿತು. ಆದರೆ ಹಿಗ್ಗಿದ್ದು ಕಂಡರೆ ಅನುಮಾನ ಬಂದೀತು, ಅದಕ್ಕೆ ಅತ್ತಳು. ಸೆರಗಿನಿಂದ ಕಣ್ಣೊರೆಸಿಕೊಂಡಿದ್ದರೆ ನಡೆಯುತ್ತಿತ್ತು. ಅವಳು ಹೋಗಿ ಬಂದೇಅಲಿಯ ಕಾಲಿಗೇ ಬಿದ್ದಳು.

“ಸಾಹೇಬ್ರ, ನನ್ನ ಮಗನ ಬಾಳು ಹಾಳಾಯ್ತು! ಪಲ್ಟನ್ ಅಂದ್ರ ಜೀವಾ ಬಿಡ್ತಿದ್ದ. ನಾನೇ ನನ್ನ ಕೈಯಾರೆ ಹಾಳು ಮಾಡಿದೆರೀ!”

ಕೊನೆಯ ಮಾತೊಂದು ನಿಜವಾಗಿತ್ತು. ಅದನ್ನು ಹೇಳುವಾಗ ಬಂದ ಕಣ್ಣೀರೂ ನಿಜವೇ. ಸುತ್ತ ನಿಂತವರೆಲ್ಲ ಮರುಗಿದರು. ಬಂದೇಅಲಿ ಅವಳನ್ನು ಎಬ್ಬಿಸಿ ಕೂರಿಸಿ, ನೀರು ಕೊಟ್ಟ. ಗೊಲ್ಲಾಳಪ್ಪನನ್ನು ಕರೆದು ಏನು ಕೆಲಸ ಮಾಡುತ್ತೀ ಎಂದು ಕೇಳಿದ, ಅಂಗೈಯ ಜಡ್ಡು ಮುಟ್ಟಿ ನೋಡಿದ. ಡಾಕ್ಟರ ಮೇಜಿನ ಹತ್ತಿರ ಬಗ್ಗಿ ಬಹಳ ಹೊತ್ತು ಮಾತಾಡಿದ. ತಿರುಗಿ ಬರುವಾಗ ಅವನ ಮುಖ ಅರಳಿತ್ತು.

“ಅಳಬ್ಯಾಡ್ರಿ ಯಮ್ಮಾ. ನಿಮ್ಮ ಸಂಕಟ ನೋಡಿ ಸುಮ್ಮ ಕುಂದ್ರಾಕ ಆಗಲಿಲ್ಲ ನನಗ. ಡಾಕ್ಟರ್ ಸಾಹೇಬರಿಗಿ ಕೈ ಮುಗಿದು ಒಪ್ಪಿಸೀನಿ. ನಿಮ್ಮ ಮಗನ್ನ ತಗೊಂಡೀವಿ.”

ಗೊಲ್ಲಾಳಪ್ಪ ಓಡಿ ಬಂದು ತಾಯಿಯ ಪಾದ ಮುಟ್ಟಿದ. “ನಿನ್ನಿಂದಾನೇ ಆಯ್ತು ಯವ್ವಾ!”

ಚಂದಮ್ಮ ಅಳು ನಿಲ್ಲಿಸಿ ತಲೆ ಎತ್ತಿದಳು. ಅಷ್ಟು ದಿನ ಯಾವ ಮಾತನ್ನು ಸುಳ್ಳೆಂದು ತಳ್ಳಿಹಾಕಿದ್ದಳೋ ಈಗ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಳು.

“ವಾಡಿ ಟೇಷನ್ ಕಾಯೋದಲ್ಲೇನ್ರಿ ಸಾಹೇಬ್ರ? ಇಲ್ಲೇ ಇರ್ತಾನಲ್ಲ?”

“ಇಲ್ಲಿ ಕಾಯೋರಿಗಿ ಬಂದೂಕು ಹಿಡ್ಯಾಕ ಬರಬೇಕು, ಅದಕ್ಕ ಮಶಾಕ ಇರ್ತಾನ,” ಎಂದ ಬಂದೇಅಲಿ. “ನಿಮ್ಮ ಮಗನ್ನ ರಸ್ತಾಕ್ಕ ಕಲ್ಲು ಒಡಿಯೋ ಪಲ್ಟನ್‌ಗಿ ಹಾಕೀನಿ, ಅವರಿಗಿ ಬಂದೂಕೂ ಕೊಡಂಗಿಲ್ಲ, ಬೆರಳೂ ಕೇಳಂಗಿಲ್ಲ. ಸಂಜಿ ಗಾಡಿಗಿ ಬರ್ಮಾ ಲಡಾಯಿಗಿ ಹೊಂಟದ.”