ಒಕಾಬೆಯವರ ಲೋಟ

"ಆಫೀಸಲ್ಲಿ ಅಷ್ಟು ಕೆಲಸ ಇಟ್ಕೊಂಡು ಇಷ್ಟೆಲ್ಲ ಪುಸ್ತಕ ಬರೀಲಿಕ್ಕೆ ಟೈಮ್ ಹೇಗೆ ಸಿಕ್ತು ಸರ್?" ಬ್ರೆಂಡಾ ಕಣ್ಣರಳಿಸಿ ಕೇಳಿದಾಗ ಪಕ್ಕದಲ್ಲಿದ್ದ ಗಂಡ ಫ್ಲಾಯ್ಡ್‌ನ ಹೊಟ್ಟೆಗೆ ಕಿಚ್ಚು ಹತ್ತಿತು. ದುಬೈನ ಮುರಕ್ಕಬಾತ್ ಬಡಾವಣೆಯ ಹೋಟೆಲಿನಲ್ಲಿ ಎದುರಿಗೆ ಕೂತಿದ್ದ ಒಕಾಬೆ, ಜಪಾನ್ ಸರಕಾರದ ಅಧಿಕಾರಿಯಾಗಿದ್ದುಕೊಂಡೇ ಆರ್ಥಿಕ ಚಿಂತನೆಯ ಇತಿಹಾಸ ಬರೆದು ದೊಡ್ಡ ವಿದ್ವಾಂಸರೆನಿಸಿದವರು. ಅದೇ ವಿಷಯದ ಪುಸ್ತಕವನ್ನು ಬರೆಯಹೊರಟು ಅರ್ಧಕ್ಕೆ ಬಿಟ್ಟಿದ್ದ ಫ್ಲಾಯ್ಡ್, ಕೇಳಿದವರಿಗೆಲ್ಲ ದುಬೈ ನೌಕರಿಯ ನೆಪ ಹೇಳುತ್ತಿದ್ದ. ಈ ಮನುಷ್ಯ ಬಂದು ಆ ನೆಪವನ್ನೂ ಕಿತ್ತುಕೊಂಡಿದ್ದ.

ಸಾಲದ್ದಕ್ಕೆ, ಊಟಕ್ಕೆ ಕರೆದವನು ಫ್ಲಾಯ್ಡ್ ಆದರೂ ಲಿಂಬೆ ಶರಬತ್ತಿನ ಜಗ್ ಒಕಾಬೆಯವರ ಕೈಯಲ್ಲೇ ಇತ್ತು. ಫ್ಲಾಯ್ಡ್ ಒಂದು ಗುಟುಕು ಕುಡಿದರೆ ಸಾಕು, ಲೋಟ ಮತ್ತೆ ತುಂಬುತ್ತಿತ್ತು. 'ಇವನ ಯಜಮಾನಿಕೆ ನೋಡು!' ಎಂದು ಒಳಗೊಳಗೇ ಹಲ್ಲು ಕಡಿದ.

"ನನ್ನ ಫೈಲುಗಳನ್ನು ಪಕ್ಕದ ಟೇಬಲಿನವನು ನೋಡಿಕೊಳ್ಳುತ್ತಿದ್ದ," ಒಕಾಬೆ ನಕ್ಕರು. "ಅವನಿಗೆ ಇಲಾಖೆಯ ಪರೀಕ್ಷೆ ಬಂದಾಗ ಅವನದನ್ನು ನಾನು ನೋಡಿಕೊಂಡೆ. ನಮ್ಮಲ್ಲಿ ಜೊತೆಗೆ ಕೂತಾಗ ಯಾರೂ ತಮ್ಮ ಲೋಟಕ್ಕೆ ತಾವೇ ಸುರಿದುಕೊಳ್ಳುವುದಿಲ್ಲಮ್ಮ. ಪಕ್ಕದವರು ತುಂಬಿಸಬೇಕು. ಕೆಲಸವೂ ಹಾಗೇ."

ಫ್ಲಾಯ್ಡ್ ಮೊದಲ ಸಲ ಅವರ ಲೋಟದ ಕಡೆ ನೋಡಿದ. ಊಟ ಮುಗಿಯುತ್ತ ಬಂದಿತ್ತು. ಅದರಲ್ಲಿ ಇನ್ನೂ ಒಂದು ಹನಿಯೂ ಬಿದ್ದಿರಲಿಲ್ಲ.